ದೇವರ ಹೆಸರುಳ್ಳ ಹಳೆಯ ಹಾಳೆ

ದೇವರ ಹೆಸರನ್ನು ಬರೆದ ಹಾಳೆ ಹರಿದು ಹಳತಾದರೆ ಅದನ್ನು ಏನು ಮಾಡಬೇಕು? ನಮ್ಮಲ್ಲಿ ಹೊಳೆಗೆ ಬಿಡುವ ರೂಢಿಯುಂಟು. ಯೆಹೂದ್ಯರಲ್ಲಿ ಅಂಥ ಬರಹವನ್ನು ಸುಡಬಾರದು, ಬಿಸುಡಬಾರದು. ಒಂದೆಡೆ ಕೂಡಿಟ್ಟು ಮುಂದೆ ಹೂಳಬೇಕು. ಕೂಡಿಡುವ ಆ ತಾವಿಗೆ ‘ಗೆನಿಜಾ’ ಎಂದು ಹೆಸರು.

ಹಳೆಯ ಕೈರೋ ಭಾಗದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಪ್ರಾರ್ಥನಾಮಂದಿರವಿದೆ. ಅಲ್ಲಿನ ಗೆನಿಜಾದಲ್ಲಿ ಹಾಕಿದ್ದು ಹೂಳಲ್ಪಡದೆ ಶತಮಾನಗಳ ಕಾಲ ಉಳಿಯಿತು. 1896ರ ಕೊನೆಯಲ್ಲಿ ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸರು ಅಲ್ಲಿಗೆ ಹೋಗಿ, 1,90,000ಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್ಜಿಗೆ ಸೇರಿಸಿದರು.

ಅವುಗಳಲ್ಲಿ ಪ್ರಾರ್ಥನೆಯ ಹಾಳೆಗಳು ಹೇರಳವಾಗಿವೆ. ಹಲವು ಹಾಳೆಗಳಲ್ಲಿ ಸ್ತುತಿಯ ಮಾತು ಹೀಬ್ರೂ. ಯಾವುದನ್ನು ಯಾವಾಗ ಹೇಳಬೇಕೆಂಬ ವಿಧಿ ಮಾತ್ರ ಅರಬ್ಬಿ. ಆ ಅರಬ್ಬಿಯನ್ನೂ ಸಾಮಾನ್ಯವಾಗಿ ಹೀಬ್ರೂ ಲಿಪಿಯಲ್ಲೇ ಬರೆಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ತುಳುವನ್ನೂ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ದೇವರೊಡನೆ ಆಡುವ ನುಡಿ ಹಿರಿಯರದು. ಅದಕ್ಕೆ ದಾರಿ ತೋರುವ ನುಡಿ ಮನೆಯದು.

ಈ ಕ್ರಮಕ್ಕೆ ಹಿರಿಯ ನಿದರ್ಶನ ಸಾದಿಯಾ ಗಾವೊನರ (882–942) ಪ್ರಾರ್ಥನಾಗ್ರಂಥ. ಊರೂರಿನಲ್ಲಿ ಜನರು ಪ್ರಾರ್ಥನೆಗೆ ಕೂಡಿಸುವುದನ್ನೂ ಕಳೆಯುವುದನ್ನೂ ಕಂಡು, ಪಾಠವನ್ನು ನೆಲೆಗೊಳಿಸಲು ಅವರು ಅದನ್ನು ರಚಿಸಿದರು. ಅದು ಅಚ್ಚಾದದ್ದು 1941ರಲ್ಲಿ, ಜೆರುಸಲೇಮಿನಲ್ಲಿ.

ಇದೆಲ್ಲ ನಮಗೆ ದೂರದ ಮಾತೆಂದು ಭಾವಿಸಬೇಡಿ. ಅದೇ ಗೆನಿಜಾದಲ್ಲಿ ಮಂಗಳೂರಿನ ಕಾಗದಗಳೂ ದೊರೆತಿವೆ! ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಅಲ್ಲಿ ಹಲವು ವರ್ಷ ನೆಲೆಸಿದ್ದ. ಅವನ ಲೆಕ್ಕಪತ್ರಗಳು ಇದೇ ಬಗೆಯ ಅರಬ್ಬಿಯಲ್ಲಿವೆ. ಏಡನ್ನಿನ ಸ್ನೇಹಿತರು ಅವನಿಗೆ ಬರೆಯುವ ಕಾಗದವನ್ನೂ ಕಳುಹಿಸಿಕೊಡುತ್ತಿದ್ದರು. ಬಂದ ಪತ್ರಗಳ ಬೆನ್ನಿನ ಮೇಲೂ ಅವನು ಬರೆದಿದ್ದಾನೆ.

ವಾಚಕರೇ, ನನ್ನ ಬಾಲ್ಯದಲ್ಲಿ ನಮ್ಮ ಅಟ್ಟದ ಮೇಲೆ ಓಲೆಗರಿಯ ಎರಡು ಕಟ್ಟುಗಳಿದ್ದವು. ಅಜ್ಜ ತೀರಿಕೊಂಡ ಮೇಲೆ, ಓದುವವರಿಲ್ಲವೆಂದು, ಮನೆಯವರು ಅರಿಸಿನ ಕುಂಕುಮವಿಟ್ಟು ಭಕ್ತಿಯಿಂದಲೇ ಹೊಳೆಗೆ ಬಿಟ್ಟರು. ದಡದಲ್ಲಿ ನಿಂತು ನಾನೂ ಕೈ ಮುಗಿದೆ. ಮುಂದೆ ಪಂಡಿತ ಪರೀಕ್ಷೆಗೆ ಕುಳಿತು ಹಳೆಯ ಲಿಪಿಯನ್ನು ಕಲಿತಾಗ, ಓದಲು ಕಟ್ಟುಗಳಿರಲಿಲ್ಲ. ಅವುಗಳಲ್ಲಿ ಸ್ತೋತ್ರವಿತ್ತೋ, ವೈದ್ಯವಿತ್ತೋ, ಸಾಲದ ಲೆಕ್ಕವಿತ್ತೋ, ಈಗ ಹೇಳುವವರಾರು?

ಫುಸ್ತಾತಿನವರ ಭಕ್ತಿಯೂ ನಮ್ಮವರ ಭಕ್ತಿಯೂ ಒಂದೇ. ಅವರು ಹೂಳಲು ತಡಮಾಡಿದರು. ನಾವು ಬಿಡಲು ಅವಸರಪಟ್ಟೆವು. ನಿಮ್ಮ ಅಟ್ಟದಲ್ಲಿ ಇನ್ನೂ ಕಟ್ಟುಗಳುಳಿದಿದ್ದರೆ, ಬಲ್ಲವರೊಬ್ಬರಿಗೆ ಒಮ್ಮೆ ತೋರಿಸಿ. ಹೊಳೆ ಎಲ್ಲಿಗೂ ಹೋಗುವುದಿಲ್ಲ.