ಕೃತಕ ಕೀಲಿನ ಬಾಳಿಕೆ
(ವಾಚನಾಲಯದಲ್ಲಿ ಮಾಡಿದ ಭಾಷಣ)



ಸವೆದುಹೋದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲನ್ನು ಕೂಡಿಸುವ ಶಸ್ತ್ರಕ್ರಿಯೆಯ ಸಂಗತಿ ತಮಗೆಲ್ಲ ತಿಳಿದದ್ದೇ. ಐವತ್ತರ ವಯಸ್ಸಿನಲ್ಲಿ ಕೂಡಿಸಿದ ಕೀಲು ಎಷ್ಟು ವರ್ಷ ಬಾಳೀತು? ಕೆಟ್ಟ ಕೀಲನ್ನು ಬದಲಿಸುವ ಎರಡನೆಯ ಶಸ್ತ್ರಕ್ರಿಯೆ ಮೊದಲಿನದಕ್ಕಿಂತ ಕಠಿಣವಾದುದು. ಆದುದರಿಂದ ದುಡಿದು ಉಣ್ಣುವವನಿಗೆ ಇದು ಹೊಟ್ಟೆಯ ಪ್ರಶ್ನೆ.

ಬಹುಕಾಲದ ಮೇಲೆ ಕೀಲು ಕೆಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಪುಡಿ. ತೊಡೆಯೆಲುಬಿಗೆ ಕೂಡಿಸಿದ ಗುಂಡು ಬಟ್ಟಲಿನೊಳಗೆ ತಿರುಗುತ್ತಿರುವಾಗ ಬಟ್ಟಲು ಸವೆದು, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಪುಡಿ ಉದುರುತ್ತದೆ. ಮೈಯಲ್ಲಿ ಕಸವನ್ನು ನುಂಗುವ ಜೀವಕೋಶಗಳು ಅದನ್ನು ಅರಗಿಸಲಾರದೆ ಕೆರಳುತ್ತವೆ. ಅದರಿಂದ ಸುತ್ತಲಿನ ಎಲುಬು ಕರಗಿ ಕೀಲು ಸಡಿಲಾಗುತ್ತದೆ.

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಎಂಬ ವೈದ್ಯರು ಮೊದಲು ಟೆಫ್ಲಾನಿನ ಬಟ್ಟಲು ಹಾಕಿದರು. ಅದು ಬಲು ನುಣುಪು. ಆದರೆ ಕೆಲವೇ ವರ್ಷಗಳಲ್ಲಿ ಸವೆಯಿತು. 1962ರಲ್ಲಿ ಒಬ್ಬ ಮಾರಾಟಗಾರ, ಲಂಕಾಶೈರಿನ ಗಿರಣಿಗಳ ಮಗ್ಗಗಳಲ್ಲಿ ಬಳಸುತ್ತಿದ್ದ ಒಂದು ಬಗೆಯ ಪಾಲಿಥೀನ್ ತಂದು ತೋರಿಸಿದ. ಚಾರ್ನ್ಲಿ ಮೆಚ್ಚಲಿಲ್ಲ. ಅವರ ಕೈಕೆಳಗಿನ ತಂತ್ರಜ್ಞ ಹ್ಯಾರಿ ಕ್ರೇವನ್ ಮಾತ್ರ ಅದನ್ನು ಯಂತ್ರಕ್ಕೆ ಹಾಕಿ ತೇಯತೊಡಗಿದ. ಹಗಲಿರುಳು ಮೂರು ವಾರ ತೇದರೂ, ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟು ಸಹ ಅದು ಸವೆದಿರಲಿಲ್ಲ! ಆ ವರ್ಷದ ನವೆಂಬರಿನಿಂದಲೇ ಚಾರ್ನ್ಲಿ ಅದನ್ನು ರೋಗಿಗಳಿಗೆ ಹಾಕಲಾರಂಭಿಸಿದರು. ಮಗ್ಗದ ಪೆಟ್ಟು ತಾಳಿದ ವಸ್ತು ಮನುಷ್ಯನ ನಡಿಗೆಯನ್ನೂ ತಾಳಿತು.

ಆದರೂ ಪುಡಿ ಪೂರ್ತಿ ನಿಲ್ಲಲಿಲ್ಲ. ಪಾಲಿಥೀನಿನ ಅಣುಗಳು ಉದ್ದನೆಯ ಎಳೆಗಳಂತಿವೆ. ಬರಿಯ ಹಾಸಿನ ನೂಲು ಸುಲಭವಾಗಿ ಕೀಳುತ್ತದೆ. ಹೊಕ್ಕು ಹೆಣೆದರೆ ಗಟ್ಟಿ. ಹಾಗೆಯೇ ವಿಕಿರಣ ಹಾಯಿಸಿ ಎಳೆಗಳನ್ನು ಒಂದಕ್ಕೊಂದು ಅಡ್ಡ ಬೆಸೆಯುವ ವಿಧಾನ 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದು, ಸವೆತ ಬಹಳ ಇಳಿಯಿತು. ಹಲವು ದೇಶಗಳ ಲೆಕ್ಕವನ್ನು ಕೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ, ಸೊಂಟದ ಕೃತಕ ಕೀಲುಗಳಲ್ಲಿ ನೂರಕ್ಕೆ ಸುಮಾರು 58 ಇಪ್ಪತ್ತೈದು ವರ್ಷ ಬಾಳುತ್ತವೆ.

ಉಳಿದದ್ದು ನಮ್ಮ ಕೈಯಲ್ಲಿದೆ. ನೋವಿಲ್ಲದಿದ್ದರೂ ಎಲುಬು ಒಳಗೊಳಗೇ ಕರಗುತ್ತಿರಬಹುದು. ಆದ್ದರಿಂದ ವೈದ್ಯರು ಹೇಳಿದ ಹೊತ್ತಿಗೆ ಎಕ್ಸ್‌ರೇ ತೆಗೆಸಬೇಕು. ಕೀಲಿನ ಹೆಸರು, ಅಳತೆಗಳಿರುವ ಚೀಟಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನವಾಗಿಡಬೇಕು. ಮುಂದೆ ಬಟ್ಟಲೊಂದನ್ನೇ ಬದಲಿಸುವುದಾದರೆ ಅದಕ್ಕೆ ಹೊಂದುವ ಭಾಗವನ್ನು ಹುಡುಕಲು ಆ ಚೀಟಿಯೇ ಆಧಾರ. ಇಂದು ಈ ಊರು, ನಾಳೆ ಮತ್ತೊಂದೂರು ಎನ್ನುವ ನಮ್ಮಂಥವರು ಇದನ್ನು ಮರೆಯಲಾಗದು.