ನಮ್ಮ ಶಾಲೆಯ ಕಡತ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ನನಗೆ ವೇದಿಕೆಯ ಮಾತು ರೂಢಿಯಿಲ್ಲ. ಇದೇ ಕಟ್ಟೆಯ ಮೇಲೆ ಆಗಸ್ಟ್ 15ರ ಭಾಷಣಕ್ಕೆ ಹೆಸರು ಕೊಟ್ಟು, ಎರಡು ವಾಕ್ಯ ಹೇಳಿ, ಉಳಿದದ್ದು ಮರೆತು ಕೆಳಗಿಳಿದವನು ನಾನು. ಅದನ್ನು ಕಣ್ಣಾರೆ ಕಂಡವರು ಇಲ್ಲಿ ಕೂತಿದ್ದಾರೆ. ಅದಕ್ಕೇ ಈ ಸಲ ಬರೆದುಕೊಂಡು ಬಂದಿದ್ದೇನೆ. ಸಮಿತಿಯವರು ಕೊಟ್ಟಿರುವ ವಿಷಯ ‘ನಮ್ಮ ಭಾಗದ ಶಾಲೆಗಳು ಬೆಳೆದು ಬಂದ ದಾರಿ’. ನಾನು ಇತಿಹಾಸ ಓದಿದವನಲ್ಲ, ಓದಿದ್ದು ಬಿ.ಇ. ಆದರೂ ಒಪ್ಪಿಕೊಂಡೆ. ಅದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಕೆಲಸ ಬದಲಿಸುವಾಗ ನನ್ನ ದಾಖಲೆಗಳನ್ನು ಪರಿಶೀಲಿಸುವ ಏಜೆನ್ಸಿಯವರಿಂದ ಒಂದು ಇ-ಮೇಲ್ ಬಂತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕಾಲಕ್ಕೆ ನನ್ನ ಶಾಲೆ ಬಳ್ಳಾರಿ ಜಿಲ್ಲೆ, ಕೂಡ್ಲಿಗಿ ತಾಲ್ಲೂಕಿನದು. ಹೊಸದಾಗಿ ತಂದ ವ್ಯಾಸಂಗ ಪ್ರಮಾಣಪತ್ರದಲ್ಲಿ ವಿಜಯನಗರ ಜಿಲ್ಲೆ, ಕೊಟ್ಟೂರು ತಾಲ್ಲೂಕು. ‘ಇವೆರಡೂ ಒಂದೇ ಶಾಲೆಯೇ?’ ಎಂದು ಕೇಳಿದ್ದರು. ಒಂದೇ ಶಾಲೆ, ಒಂದೇ ಬೇವಿನ ಮರ, ಒಂದೇ ಒಡೆದ ನಲ್ಲಿ ಎಂದು ಬರೆದೆ. ನಂಬಲಿಲ್ಲ. ಕೊನೆಗೆ ಮುಖ್ಯೋಪಾಧ್ಯಾಯರು ಸೀಲು ಹಾಕಿದ ಪತ್ರ ಕೊಟ್ಟ ಮೇಲೆ ನಾನು ನಾನೇ ಎಂದು ಸಾಬೀತಾಯಿತು.

ಶಾಲೆ ಜಾಗ ಬಿಟ್ಟು ಒಂದು ಗೇಣೂ ಕದಲಿಲ್ಲ, ಕದಲಿದ್ದು ಅದರ ಕಡತ. ಆ ಕಡತ ಎಲ್ಲೆಲ್ಲಿ ತಿರುಗಿತು ಎಂದು ಹುಡುಕಲು ಕೂತೆ. ಹುಡುಕುತ್ತ ಹೋದಂತೆ ಕಂಡದ್ದು ಇಷ್ಟು: ಕಡತ ಯಾವ ಕಚೇರಿಯ ಮೇಜಿನ ಮೇಲಿದೆ ಎಂಬುದರ ಮೇಲೆ ನಮ್ಮ ಮಕ್ಕಳ ಪಾಲಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ನಿಂತಿದೆ.

ನಮ್ಮ ಸೀಮೆಯ ಶಾಲೆಗಳ ಬಗ್ಗೆ ನನಗೆ ಸಿಕ್ಕ ಹಳೆಯ ಲೆಕ್ಕ 1823ರದು. ಥಾಮಸ್ ಮನ್ರೋ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 1800ರಿಂದ 1807ರವರೆಗೆ ದತ್ತ ಮಂಡಲದ ಮುಖ್ಯ ಕಲೆಕ್ಟರ್ ಆಗಿ ಇದೇ ಸೀಮೆ ತಿರುಗಿದವನು. ಮುಂದೆ ಮದರಾಸಿನ ಗವರ್ನರ್ ಆದಾಗ, 1822ರಲ್ಲಿ, ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ ಲೆಕ್ಕ ಕೊಡಿ ಎಂದು ಎಲ್ಲ ಕಲೆಕ್ಟರುಗಳಿಗೆ ಆದೇಶ ಕಳಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕೊಟ್ಟ ಉತ್ತರವನ್ನು ಧರ್ಮಪಾಲರು 1983ರಲ್ಲಿ ಹೊರತಂದ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ ಅಚ್ಚು ಮಾಡಿಸಿದ್ದಾರೆ. ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು, ಅನಂತಪುರವೂ ಅದರಲ್ಲೇ ಇತ್ತು. ಜನಸಂಖ್ಯೆ 9,27,857. ಶಾಲೆಗಳು 533. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226, ಮಿಕ್ಕವು ಮರಾಠಿ, ಪಾರ್ಸಿ, ಸಂಸ್ಕೃತ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಓದುವವರು ಒಟ್ಟು 6,641 ಜನ, ಅಂದರೆ ಸಾವಿರಕ್ಕೆ ಹೆಚ್ಚುಕಡಿಮೆ ಏಳು. ಅವರಲ್ಲಿ ಹೆಣ್ಣುಮಕ್ಕಳು 60.

ಆ ವರದಿಯಲ್ಲಿ ಅಂಕಿಗಿಂತ ನನಗೆ ಹಿಡಿಸಿದ್ದು ಶಾಲೆಯ ಚಿತ್ರ. ಮಗುವಿಗೆ ಐದು ವರ್ಷವಾದಾಗ ಗಣೇಶನ ಪೂಜೆ ಮಾಡಿ, ಅಕ್ಕಿಯಲ್ಲಿ ಬೆರಳಾಡಿಸಿ ಬರೆಸುತ್ತಿದ್ದರು. ಬೆಳಿಗ್ಗೆ ಆರಕ್ಕೇ ಶಾಲೆ. ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಅಂಗೈಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ಆಮೇಲೆ ಬಂದವರಿಗೆ ಒಂದೊಂದು ಏಟು ಜಾಸ್ತಿ. ನಾನು ಆಗ ಓದಿದ್ದರೆ ಇಷ್ಟು ಹೊತ್ತಿಗೆ ಅಂಗೈ ಇರುತ್ತಿರಲಿಲ್ಲ. ಬರೆಯಲು ಬಟ್ಟೆಗೆ ಗಂಜಿ ಮತ್ತು ಇದ್ದಿಲು ಬಳಿದು ಮಡಿಸಿದ ಕಪ್ಪು ಪುಸ್ತಕ, ಅದರ ಮೇಲೆ ಬಳಪ. ಆ ಪುಸ್ತಕಕ್ಕೆ ಹೆಸರು ‘ಕಡತ’. ನಾವು ಇವತ್ತು ಕಚೇರಿಯಲ್ಲಿ ‘ಕಡತ ಮುಂದೆ ಹೋಗಿಲ್ಲ’ ಅನ್ನುತ್ತೇವಲ್ಲ, ಅದೇ ಮಾತು.

ದೊಡ್ಡ ಹುಡುಗರು ಸಣ್ಣವರಿಗೆ ಪಾಠ ಹೇಳಿಕೊಡುವ ನಮ್ಮ ಪದ್ಧತಿಯನ್ನು ಇಂಗ್ಲೆಂಡಿನಲ್ಲೂ ಅನುಸರಿಸಿದ್ದಾರೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿ ಬರೆದಿದ್ದಾನೆ. ಗಣಿತದ ಮೇಷ್ಟ್ರು ಇಲ್ಲದ ಒಂದು ವರ್ಷ ಹತ್ತನೆಯ ತರಗತಿಯ ಅಕ್ಕ ಒಬ್ಬರು ನಮಗೆ ಬೀಜಗಣಿತ ಹೇಳಿಕೊಟ್ಟರು. ನಾವು ಅದನ್ನು ಕೊರತೆ ಅಂದುಕೊಂಡಿದ್ದೆವು. ಅದು ವಿಲಾಯತಿಗೆ ರಫ್ತಾದ ಪದ್ಧತಿ ಎಂದು ಆಗ ಗೊತ್ತಿರಲಿಲ್ಲ.

ಲಿಂಗಾಯತ ಮಕ್ಕಳು ಓದುತ್ತಿದ್ದ ಪುಸ್ತಕಗಳ ಪಟ್ಟಿಯೂ ಇದೆ: ರಾಘವಾಂಕನ ಕಾವ್ಯ, ಗಿರಿಜಾ ಕಲ್ಯಾಣ, ಅನುಭವಾಮೃತ, ಚನ್ನಬಸವೇಶ್ವರ ಪುರಾಣ. ಗಿರಿಜಾ ಕಲ್ಯಾಣ ಬರೆದ ಹರಿಹರ ಹಂಪಿಯವನು, ಇಲ್ಲಿಂದ ಬಸ್ಸಿನಲ್ಲಿ ಹೋದರೆ ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಜಾಗ.

ಆದರೆ ಕ್ಯಾಂಪ್‌ಬೆಲ್ ಬರೆದದ್ದು ಹೊಗಳಿಕೆ ಮಾತ್ರವಲ್ಲ. ಮೊದಲು ಶಾಲೆ ಇದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆ ಇಲ್ಲ, ಕಾರಣ ಬಡತನ ಎಂದು ಹೇಳುತ್ತಾನೆ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರು ಕೆಟ್ಟರು, ಜನರಿಗೆ ಮಕ್ಕಳನ್ನು ಓದಿಸುವ ಶಕ್ತಿ ಉಳಿದಿಲ್ಲ, ಎಳೆಯ ಕೈಕಾಲಿಗೆ ಒಂದಿಷ್ಟು ಬಲ ಬಂದ ಕೂಡಲೇ ದುಡಿಮೆಗೆ ಹಚ್ಚಬೇಕಾಗಿದೆ ಎನ್ನುವುದು ಅವನ ಮಾತಿನ ಸಾರಾಂಶ. ಕಂಪನಿ ಸರ್ಕಾರದ ಅಧಿಕಾರಿಯೇ ಇದನ್ನು ಬರೆದದ್ದು. ಈ ಸಾಲಿಗೆ ಆಮೇಲೆ ಮತ್ತೆ ಬರುತ್ತೇನೆ.

ಮನ್ರೋ 1826ರಲ್ಲಿ ಪ್ರತಿ ತಹಶೀಲ್ದಾರಿಗೆ ಒಂದು ಶಾಲೆ, ಅದರ ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ ಎಂದು ಯೋಜನೆ ಮಾಡಿದ. ಮರುವರ್ಷ ನಮ್ಮ ದತ್ತ ಮಂಡಲಕ್ಕೇ ಪ್ರವಾಸ ಬಂದಾಗ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ. ಕೆಲವು ವರ್ಷಗಳಲ್ಲಿ ಆ ತಹಶೀಲ್ದಾರಿ ಶಾಲೆಗಳೂ ಮುಚ್ಚಿಹೋದವು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಊಟದ ಹೊತ್ತಾಗುತ್ತಿದೆ. 1871ರಲ್ಲಿ ಮದರಾಸಿನ ಲೋಕಲ್ ಫಂಡ್ ಕಾಯ್ದೆ ಬಂತು. ಐದಾರು ವರ್ಷದಲ್ಲೇ 1876-78ರ ಬರ. ಬಳ್ಳಾರಿ ಸೀಮೆಯನ್ನು ಅದು ಹಿಂಡಿತು. 1884ರ ಕಾಯ್ದೆಯಿಂದ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳಾದವು, 1920ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆಯಾಯಿತು. ನಮ್ಮ ಅಜ್ಜ ಕೊನೆಯವರೆಗೂ ಶಾಲೆಗೆ ‘ಬೋರ್ಡ್ ಸಾಲಿ’ ಅನ್ನುತ್ತಿದ್ದ. ಕರಿಹಲಗೆಯಿಂದ ಬಂದ ಹೆಸರು ಎಂದು ನಾನು ತಿಳಿದಿದ್ದೆ. ಅದು ಬಳ್ಳಾರಿ ಜಿಲ್ಲಾ ಬೋರ್ಡಿನ ನೆನಪು.

1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಹತ್ತಿರ ಹತ್ತಿರ ಅದೇ ಕಾಲಕ್ಕೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ ಕಡೆಯ ಊರುಗಳನ್ನು ಮುಳುಗಿಸಿತು. ಅಲ್ಲಿ ಮಾತ್ರ ಕಡತವಲ್ಲ, ಊರೇ ಎದ್ದು ಹೋಗಬೇಕಾಯಿತು. ಮುಂದೆ 1987ರಲ್ಲಿ ಜಿಲ್ಲಾ ಪರಿಷತ್ತು, 1993ರ ಕಾಯ್ದೆಯಿಂದ ಜಿಲ್ಲಾ ಪಂಚಾಯಿತಿ. ಸೀಲು ಬದಲಾಯಿತು, ಗೋಡೆ ಅವೇ.

ನನ್ನ ಮನೆಗೇ ತಟ್ಟಿದ್ದು 1997ರ ಗೆರೆ. ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಿದರು. ನಮ್ಮ ಅತ್ತೆಯ ಊರು ಹರಪನಹಳ್ಳಿ ತಾಲ್ಲೂಕು. ಇಲ್ಲಿಂದ ಹೊಲದ ದಾರಿ ಹಿಡಿದರೆ ಒಂದು ತಾಸಿನ ನಡಿಗೆ. ಅದೇ ಕೆಂಪು ಮಸಾರಿ ನೆಲ, ಅದೇ ಶೇಂಗಾ, ಅದೇ ಮಳೆಯಿಲ್ಲದ ಆಕಾಶ. ದಾವಣಗೆರೆ ಹತ್ತಿರ ಎಂದು ಅಲ್ಲಿಯವರು ಖುಷಿಪಟ್ಟರು. ಸುಳ್ಳಲ್ಲ, ಆಸ್ಪತ್ರೆಗೆ, ಪೇಟೆಗೆ ಹತ್ತಿರವೇ.

2002ರ ಜೂನಿನಲ್ಲಿ ‘ಅಕ್ಷರ ದಾಸೋಹ’ ಬಿಸಿಯೂಟ ಶುರುವಾಯಿತು. ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮಾತ್ರ, ಬಳ್ಳಾರಿ ಅದರಲ್ಲೊಂದು. ನನ್ನ ತಂಗಿ ಇಲ್ಲಿ ಶಾಲೆಯಲ್ಲಿ ಅನ್ನ ಸಾರು ಉಂಡು ಬರುತ್ತಿದ್ದಳು. ಅತ್ತೆಯ ಮಗ ಆಗ ಒಂದನೆಯ ತರಗತಿ. ದಾವಣಗೆರೆ ಮೊದಲ ಪಟ್ಟಿಯಲ್ಲಿರಲಿಲ್ಲ, ಅಲ್ಲಿ ಒಲೆ ಹತ್ತಿದ್ದು ಮರುವರ್ಷ. ಅದೇ 2002ರಲ್ಲಿ ಬಂದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಕೂಡ್ಲಿಗಿಯನ್ನೂ ಹರಪನಹಳ್ಳಿಯನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲೇ ಇಟ್ಟಿದೆ. ಹಸಿವು ಎರಡೂ ಕಡೆ ಒಂದೇ, ಅನ್ನ ಮಾತ್ರ ಒಂದು ಕಡೆಗೆ.

ಆ ಹುಡುಗ 2014ರಲ್ಲಿ ಪಿಯುಸಿ ಮುಗಿಸಿದ. ಅಷ್ಟರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಿತ್ತು. ನಮ್ಮ ಕಡೆಯ ಮಕ್ಕಳಿಗೆ ವೃತ್ತಿ ಕೋರ್ಸುಗಳಲ್ಲೂ ನೌಕರಿಯಲ್ಲೂ ಮೀಸಲು ಸೀಟು. ಅತ್ತೆ ಫೋನು ಮಾಡಿ, ‘ನೀನು ಇಂಜಿನಿಯರು, ನೋಡಪ್ಪಾ, ಇವನಿಗೂ ಅದು ಬರುತ್ತದಾ?’ ಎಂದು ಕೇಳಿದಳು. ಬರುವುದಿಲ್ಲ ಎಂದು ಹೇಳಬೇಕಾಯಿತು. ನಿನ್ನ ತವರುಮನೆಯಲ್ಲಿ ಹುಟ್ಟಿದ್ದರೆ ಬರುತ್ತಿತ್ತು ಎಂದು ಹೇಳಲು ಬಾಯಿ ಬರಲಿಲ್ಲ. ಅವನು ಇಂಜಿನಿಯರಿಂಗ್ ಆಸೆ ಬಿಟ್ಟು ಡಿಗ್ರಿ ಸೇರಿದ. ಹರಪನಹಳ್ಳಿಯ ಜನ ವರ್ಷಗಟ್ಟಲೆ ಹೋರಾಟ ಮಾಡಿ, 2018ರಲ್ಲಿ ತಾಲ್ಲೂಕು ಮತ್ತೆ ಬಳ್ಳಾರಿಗೆ ಬಂತು. ಆ ಹೊತ್ತಿಗೆ ನಮ್ಮ ಹುಡುಗ ದಾವಣಗೆರೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅದೇ 2018ರಲ್ಲಿ ಕೊಟ್ಟೂರು ತಾಲ್ಲೂಕಾಯಿತು. 2021ರ ಫೆಬ್ರುವರಿಯಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಮತ್ತೆ ಒಂದೇ ಕಡತದೊಳಗೆ ಬಂದವು.

ಇನ್ನು ನಮ್ಮ ಶಾಲೆ. ಸಂಚಿಕೆಯ ಕೆಲಸಕ್ಕೆಂದು ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟಿದ್ದರು. ಮೊದಲ ಪುಟದಲ್ಲಿ ಒಬ್ಬಳೇ ಹುಡುಗಿ. ತಂದೆಯ ಕಸುಬು ಎಂಬ ಕಲಮಿನಲ್ಲಿ ಒಕ್ಕಲುತನ, ಕೂಲಿ, ಕೂಲಿ, ಕುರಿ ಕಾಯುವುದು, ಕೂಲಿ. ಪುಟ ತಿರುವಿದಂತೆ ಹುಡುಗಿಯರ ಹೆಸರು ಹೆಚ್ಚುತ್ತ ಹೋಗುತ್ತದೆ. 2006ರ ಆಸುಪಾಸಿಗೆ ತಾಂಡಾದ ಹುಡುಗಿಯರ ಹೆಸರುಗಳು ಒಟ್ಟೊಟ್ಟಾಗಿ ಬರುತ್ತವೆ. ಸರ್ಕಾರ ಎಂಟನೆಯ ತರಗತಿಗೆ ಸೈಕಲ್ ಕೊಡಲು ಶುರು ಮಾಡಿದ ಕಾಲ ಅದು. ನಾನು ಪಾಸಾಗಿ ಹೋದ ಮೇಲೆ ಸೈಕಲ್ ಬಂತು ಎಂಬ ಹೊಟ್ಟೆಕಿಚ್ಚು ನನಗೆ ಇನ್ನೂ ಇದೆ.

ನನ್ನ ವರ್ಷದ ಪುಟ ತೆಗೆದೆ. ನನ್ನ ಹೆಸರಿನ ಕೆಳಗಿನ ಹೆಸರು ನನ್ನ ಬೆಂಚಿನವನದು. ಕೆಂಪು ಶಾಯಿಯಲ್ಲಿ ಗೆರೆ ಎಳೆದಿದೆ, ಷರಾ ಕಲಮು ಖಾಲಿ. ಏನಾಯಿತೆಂದು ನನಗೆ ಗೊತ್ತು. ಒಂಬತ್ತನೆಯ ತರಗತಿಯಲ್ಲಿದ್ದಾಗ, ಮಳೆ ಕೈಕೊಟ್ಟ ವರ್ಷ, ಅವನ ಮನೆಯವರು ದೀಪಾವಳಿ ಮುಗಿಸಿ ಕಾಫಿ ಸೀಮೆಗೆ ಗುಳೆ ಹೋದರು. ಮನೆಯ ಬಾಗಿಲಿಗೆ ಮುಳ್ಳು ಹಚ್ಚಿ, ಆಡು ಮಾರಿ, ಅವನನ್ನೂ ಕರೆದುಕೊಂಡು ಹೋದರು. ನಮ್ಮ ತರಗತಿಯ ಮೇಷ್ಟ್ರು ದಿನಾ ಹಾಜರಿ ಕರೆಯುವಾಗ ಅವನ ಹೆಸರನ್ನೂ ಕರೆಯುತ್ತಿದ್ದರು. ನನ್ನ ‘ಹಾಜರ್ ಸಾರ್’ ಆದ ಮೇಲೆ ಒಂದು ಕ್ಷಣ ಸುಮ್ಮನಿದ್ದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಹೆಸರು ಹೊಡೆದುಹಾಕಿದರೆ ಮತ್ತೆ ಸೇರಿಸುವುದು ಕಷ್ಟ, ಇಟ್ಟುಕೊಂಡರೆ ಬಂದ ದಿನ ನೆಟ್ಟಗೆ ಬೆಂಚಿಗೆ ಬಂದು ಕೂರಬಹುದು ಎಂಬುದು ಅವರ ಲೆಕ್ಕ. ಒಮ್ಮೆ ತಪಾಸಣೆಗೆ ಬಂದವರು, ಇಲ್ಲದ ಹುಡುಗನ ಹೆಸರು ಯಾಕಿದೆ ಎಂದು ಎಲ್ಲರೆದುರು ಗದರಿದರು. ‘ಬರ್ತಾನೆ ಸಾರ್’ ಅಂದರು ಮೇಷ್ಟ್ರು. ಯುಗಾದಿವರೆಗೂ ಕರೆದರು. ಅವನು ಬರಲಿಲ್ಲ. ಗೆರೆ ಎಳೆದ ದಿನ ಅವರು ನಮಗೆ ಪಾಠ ಮಾಡಲಿಲ್ಲ, ಪುಸ್ತಕ ಓದಿಕೊಳ್ಳಿ ಎಂದು ಕಿಟಕಿಯ ಕಡೆ ತಿರುಗಿ ಕೂತರು.

ಎಳೆಯ ಕೈಕಾಲಿಗೆ ಬಲ ಬಂದ ಕೂಡಲೇ ದುಡಿಮೆಗೆ ಎಂದು 1823ರಲ್ಲಿ ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೆಂಪು ಗೆರೆ. ಎಂಟು, ಒಂಬತ್ತನೆಯ ತರಗತಿಯ ಪುಟಗಳಲ್ಲಿ ಅಂಥ ಗೆರೆಗಳು ಇನ್ನೂ ಇವೆ, ತೀರ ಈಚಿನ ವರ್ಷಗಳಲ್ಲೂ ಇವೆ. ವಿಜಯನಗರ ಜಿಲ್ಲೆಯ ಸೀಲು ಬಿದ್ದ ಪುಟಗಳಲ್ಲೂ ಇವೆ. ಹಳೆಯ ವಿದ್ಯಾರ್ಥಿಗಳ ಸಂಘ ಸ್ಮಾರ್ಟ್ ಬೋರ್ಡ್ ಕೊಡಿಸುವ ಮಾತಾಡುತ್ತಿದೆ, ಕೊಡಿಸೋಣ. ನನ್ನ ಬೇಡಿಕೆ ಬೇರೆ. ದೀಪಾವಳಿಯಿಂದ ಯುಗಾದಿವರೆಗೆ ಗುಳೆ ಹೋಗುವ ಮನೆಗಳ ಮಕ್ಕಳು ಊರಲ್ಲೇ ಉಳಿದು ಓದುವಂತೆ ಎರಡು ಕೋಣೆ, ಅಡಿಗೆಗೆ ಒಬ್ಬರು, ರಾತ್ರಿ ಕಾವಲಿಗೆ ಒಬ್ಬರು. ಲೆಕ್ಕ ಹಾಕಿದ್ದೇನೆ, ನಾವು ಬೆಂಗಳೂರಿನಲ್ಲಿರುವವರು ತಿಂಗಳಿಗೊಮ್ಮೆ ಹೊರಗೆ ಉಣ್ಣುವುದನ್ನು ಬಿಟ್ಟರೆ ಆಗುವಷ್ಟೇ ಖರ್ಚು. ಸರ್ಕಾರದ ಋತುಮಾನ ವಸತಿ ಶಾಲೆಗೆ ಅರ್ಜಿಯನ್ನೂ ಹಾಕೋಣ. ಆದರೆ ಕಡತ ಬರುವವರೆಗೆ ಕಾಯುವುದು ಬೇಡ.

ನನ್ನ ಬೆಂಚಿನ ಗೆಳೆಯ ಹಿಂದಿನ ಸಾಲಿನಲ್ಲಿ ಬೇವಿನ ಮರಕ್ಕೆ ಒರಗಿ ನಿಂತಿದ್ದಾನೆ. ಕರೆದರೆ ಮುಂದೆ ಬರುವುದಿಲ್ಲ, ಬೆಳಿಗ್ಗೆಯೇ ಕರೆದು ನೋಡಿದೆ. ಅವನ ಮಗಳು ಈಗ ಎಂಟನೆಯ ತರಗತಿ, ಪ್ರಾರ್ಥನೆ ಹಾಡಿದವರಲ್ಲಿ ಎಡಗಡೆಯಿಂದ ಎರಡನೆಯವಳು.

ಕೊನೆಯದಾಗಿ ಒಂದು ಪ್ರಕಟಣೆ. ದಾಖಲಾತಿ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿದೆ. ಊಟದ ನಂತರ ಸಿಬ್ಬಂದಿ ಕೋಣೆಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಸಂಜೆಯವರೆಗೆ ಕೂತಿರುತ್ತೇನೆ. ಪುಟ ತಿರುವಲು ಇಬ್ಬರು ಬೇಕು. ನಡುವೆಯೇ ಶಾಲೆ ಬಿಟ್ಟವರೂ ಬನ್ನಿ, ನಿಮ್ಮ ಹೆಸರೂ ಅದರಲ್ಲಿದೆ. ಯಾವ ಊರಿಗೆ ಹೋದಿರಿ, ಏನು ಕೆಲಸ ಮಾಡಿದಿರಿ ಹೇಳಿ. ಷರಾ ಕಲಮಿನಲ್ಲಿ ಜಾಗ ಖಾಲಿ ಇದೆ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ.