ಒಣಹಾಕಿದ ಬಟ್ಟೆಯಲ್ಲಿ ಅಡಗಿದ್ದ ಕ್ಯಾಲೆಂಡರು

ಮಕ್ಕಳೇ, ಚಾಮರಾಜಪೇಟೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರು ತೂಗುತ್ತಿರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ಆ ಮುದ್ರಣಾಲಯ ಇಲ್ಲೇ ಮೈಸೂರು ರಸ್ತೆಯಲ್ಲಿದೆ. ಅಜ್ಜಿ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ಹುಡುಕುತ್ತಾರೆ. ನೀವು ರಜೆ ಹುಡುಕುತ್ತೀರಿ. ಇಂಥ ಹಾಳೆಯನ್ನು ಇವತ್ತು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಇನ್ನೂರೈವತ್ತು ವರ್ಷಗಳ ಹಿಂದಿನ ಜಪಾನಿನಲ್ಲಿ ಹಾಗಿರಲಿಲ್ಲ. ಸರ್ಕಾರದ ಅಪ್ಪಣೆ ಇದ್ದವರು ಮಾತ್ರ ಪಂಚಾಂಗ ಮುದ್ರಿಸಬಹುದಿತ್ತು.

ಅಲ್ಲಿಯೂ ಆಗ ನಮ್ಮ ಚಾಂದ್ರಮಾನದಂಥದೇ ಲೆಕ್ಕ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ತಿಂಗಳನ್ನು ಅರ್ಧ ದಿನಕ್ಕೆ ನಿಲ್ಲಿಸಲಾದೀತೇ? ಅದಕ್ಕೇ ಕೆಲವು ತಿಂಗಳಿಗೆ 30 ದಿನ, ಕೆಲವಕ್ಕೆ 29. ಹನ್ನೆರಡು ತಿಂಗಳು ಕೂಡಿಸಿದರೆ ಸುಮಾರು 354 ದಿನವಾಯಿತು, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ. ಆ ಕೊರತೆ ತುಂಬಲು ನಮ್ಮಲ್ಲಿ ಅಧಿಕಮಾಸ ಬರುತ್ತದಲ್ಲ, ಅವರಲ್ಲೂ ಆಗಾಗ ಒಂದು ಹೆಚ್ಚಿನ ತಿಂಗಳು ಬರುತ್ತಿತ್ತು. ಯಾವ ತಿಂಗಳು ದೊಡ್ಡದು, ಯಾವುದು ಚಿಕ್ಕದು ಎನ್ನುವುದು ವರ್ಷವರ್ಷಕ್ಕೂ ಬೇರೆ. ಅದು ಎಲ್ಲರಿಗೂ ಗೊತ್ತಿರಲೇಬೇಕಾದ ವಿಷಯ.

1765ರ ಹೊಸ ವರ್ಷಕ್ಕೆ ಎಡೊ ನಗರದ, ಈಗಿನ ಟೋಕಿಯೋದ, ಕೆಲವು ಹವ್ಯಾಸಿಗಳು ಒಂದು ಆಟ ಹೂಡಿದರು. ದೊಡ್ಡ ತಿಂಗಳುಗಳ ಅಂಕಿಗಳನ್ನು ಚಿತ್ರದೊಳಗೆ ಬಚ್ಚಿಟ್ಟು, ಮರದ ಅಚ್ಚಿನಲ್ಲಿ ಮುದ್ರಿಸಿ, ಗೆಳೆಯರಿಗೆ ಹಂಚುವುದು. ಅವರಿಗೆ ಚಿತ್ರ ಬರೆದುಕೊಟ್ಟವರಲ್ಲಿ ಪ್ರಸಿದ್ಧ, ಸುಜುಕಿ ಹರುನೊಬು. ಅವನ ಒಂದು ಚಿತ್ರದಲ್ಲಿ ದಿಢೀರನೆ ಮಳೆ ಬಂದಿದೆ. ಒಣಹಾಕಿದ ಬಟ್ಟೆ ತೆಗೆಯಲು ಹುಡುಗಿಯೊಬ್ಬಳು ಓಡಿ ಬಂದಿದ್ದಾಳೆ. ಅವಸರಕ್ಕೆ ಒಂದು ಕಾಲಿನ ಮರದ ಚಪ್ಪಲಿ ಕಳಚಿಕೊಂಡಿದೆ. ಗಳುವಿನ ಮೇಲಿನ ನಿಲುವಂಗಿಯ ಚಿತ್ತಾರವನ್ನು ದಿಟ್ಟಿಸಿದರೆ ಅಲ್ಲಿವೆ ಅಂಕಿಗಳು: 2, 3, 5, 6, 8, 10. ಆ ವರ್ಷದ ದೊಡ್ಡ ತಿಂಗಳುಗಳು!

ಹವ್ಯಾಸಿಗಳಿಗೆ ಹಣದ ಚಿಂತೆ ಇರಲಿಲ್ಲ. ಅದುವರೆಗೆ ಎರಡು ಮೂರು ಬಣ್ಣಕ್ಕೆ ನಿಲ್ಲುತ್ತಿದ್ದ ಅಚ್ಚಿನ ಚಿತ್ರ ಅವರ ಕೈಯಲ್ಲಿ ಬಹುವರ್ಣದ್ದಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಬೇಕು. ಹಾಗಿದ್ದರೆ ಬಣ್ಣಗಳೆಲ್ಲ ಗೆರೆ ದಾಟದೆ ತಮ್ಮ ತಮ್ಮ ಜಾಗದಲ್ಲೇ ಕೂರುವುದು ಹೇಗೆ? ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಮಡಿಸಿದ ಮೊಣಕೈಯಂಥ ಕಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ನೇರ ಕಚ್ಚು. ಕಾಗದದ ಮೂಲೆಯನ್ನು ಮೊದಲನೆಯದಕ್ಕೆ, ಅಂಚನ್ನು ಎರಡನೆಯದಕ್ಕೆ ತಾಗಿಸಿದರೆ ಹಾಳೆ ಅತ್ತಿತ್ತ ಸರಿಯುವಂತಿಲ್ಲ, ತಿರುಗುವಂತೆಯೂ ಇಲ್ಲ. ಜಪಾನಿಗಳು ಇದನ್ನು ‘ಕೆಂತೊ’ ಎನ್ನುತ್ತಾರೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ: ಕಾಗದವೇ ಹಿಗ್ಗುತ್ತದೆ, ಕುಗ್ಗುತ್ತದೆ. ಆ ಕಾಗದ ‘ಕೊಜೊ’ ಗಿಡದ ತೊಗಟೆಯ ಉದ್ದನೆಯ ನಾರಿನದು. ನಮ್ಮ ರೇಷ್ಮೆಹುಳು ತಿನ್ನುವ ಹಿಪ್ಪುನೇರಳೆಯ ಕುಟುಂಬಕ್ಕೇ ಸೇರಿದ ಗಿಡ ಅದು. ನಾರು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೊರಗುತ್ತದೆ. ನೀರುಬಣ್ಣ ಚೆನ್ನಾಗಿ ಹೀರಬೇಕಾದರೆ ಹಾಳೆ ತೇವವಾಗಿರಬೇಕು. ಆದರೆ ಕೆಂಪು ಹಚ್ಚಿ ಹಸಿರು ಹಚ್ಚುವಷ್ಟರಲ್ಲಿ ಒಣಗಿತೋ, ಬಣ್ಣ ಗೆರೆಯಿಂದ ಆಚೆ ಬಿತ್ತು. ಅದಕ್ಕೇ ಕೊನೆಯ ಬಣ್ಣ ಮುಗಿಯುವ ತನಕ ಹಾಳೆಗಳ ಕಟ್ಟನ್ನೆಲ್ಲ ಒಂದೇ ಹದದ ತೇವದಲ್ಲಿ ಇಡುತ್ತಿದ್ದರು. ಒಂದೊಂದು ಬಣ್ಣಕ್ಕೂ ಹಾಳೆಯನ್ನು ಹಲಗೆಯ ಮೇಲಿಟ್ಟು, ಬಿದಿರ ಹಾಳೆ ಸುತ್ತಿದ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜುವುದು. ಯಂತ್ರ ಗಿಂತ್ರ ಏನೂ ಇಲ್ಲ. ಹಲಗೆ ಕಾಡು ಚೆರ್ರಿ ಮರದ್ದು. ಅದರ ಎಳೆ ಒತ್ತಾಗಿ, ಸಮನಾಗಿ ಇರುವುದರಿಂದ ಕೂದಲಿನಷ್ಟು ತೆಳುವಾದ ಗೆರೆಯೂ ಮುರಿಯದೆ ನಿಲ್ಲುತ್ತದೆ.

ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಅಚ್ಚು ಹಾಕುವವನು ಇನ್ನೊಬ್ಬ. ಲೋಕ ಹರುನೊಬುವನ್ನಷ್ಟೇ ನೆನೆಯುತ್ತದೆ. ಆದರೆ 1765ರ ಕೆಲವು ಹಾಳೆಗಳಲ್ಲಿ ಕೆತ್ತಿದವನ, ಅಚ್ಚು ಹಾಕಿದವನ ಹೆಸರುಗಳೂ ಇವೆ. ಆ ಹವ್ಯಾಸಿಗಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅದನ್ನು ನೋಡಿಯೇ.

ಈಗಿನ ಆಫ್‌ಸೆಟ್ ಮುದ್ರಣದಲ್ಲೂ ನೀಲಿ, ಕೆಂಪು, ಹಳದಿ, ಕಪ್ಪಿಗೆ ಬೇರೆ ಬೇರೆ ತಗಡು. ಅವು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಹಾಳೆಯ ಅಂಚಿನಲ್ಲಿ ಸಣ್ಣ ಕೂಡು ಗುರುತು ಹಾಕುತ್ತಾರೆ. ಖಾಲಿ ರಟ್ಟಿನ ಡಬ್ಬಿಯ ಅಂಟಿಸಿದ ಮಡಿಕೆ ಬಿಚ್ಚಿ ನೋಡಿ. ಕೆಲವೊಮ್ಮೆ ಆ ಗುರುತು, ಇಲ್ಲವೇ ಬಣ್ಣದ ಪುಟ್ಟ ಚೌಕಗಳು ಅಲ್ಲಿ ಉಳಿದಿರುತ್ತವೆ.